ಮರಿಯ ಮುಂಗಾಲು

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ಅಪ್ಪ ಚಳ್ಳಕೆರೆಯ ರೈಲ್ವೆ ಸ್ಟೇಷನ್ನಿಗೂ ಪೇಟೆಗೂ ನಡುವೆ ಜಟಕಾ ಹೊಡೆಯುತ್ತಿದ್ದ. ಅವನಿಗೆ ತನ್ನ ಹೆಸರು ಬರೆಯುವಷ್ಟು ಅಕ್ಷರ ಬರುತ್ತಿತ್ತು, ಅವ್ವನಿಗೆ ಅದೂ ಇರಲಿಲ್ಲ. ನಾನು ಹತ್ತನೇ ಕ್ಲಾಸು ಮುಗಿಸುತ್ತಲೇ ನೆಂಟರು ಗಂಡಿನ ಸುದ್ದಿ ತಂದರು. ಅಪ್ಪ ಅವರಿಗೆ ಊಟ ಹಾಕಿಸಿ, ಅದೇ ಜಟಕಾದಲ್ಲಿ ಕೂರಿಸಿಕೊಂಡು ಹೋಗಿ ಬಸ್ ಹತ್ತಿಸಿ ಬಂದ. ಮಾರನೆಯ ದಿನ ನನ್ನನ್ನು ಕಾಲೇಜಿಗೆ ಸೇರಿಸಿದ. ಪಿಯುಸಿಯಲ್ಲಿ ಪಾಠ ಇಂಗ್ಲಿಷಿನಲ್ಲಿ ನಡೆಯುತ್ತಿತ್ತು. ಅರ್ಥವಾಗದೆ ಅತ್ತಿದ್ದೇನೆ, ಅರ್ಥವಾಗದ್ದನ್ನು ಪುಟಗಟ್ಟಲೆ ಬಾಯಿಪಾಠ ಮಾಡಿ ಪಾಸಾಗಿದ್ದೇನೆ. ಮನೆಯಲ್ಲಿ ಕೇಳೋಣವೆಂದರೆ ಯಾರಿಗೂ ಗೊತ್ತಿರಲಿಲ್ಲ. ಹಾಗೆ ದಕ್ಕಿಸಿಕೊಂಡ ಓದಾದ್ದರಿಂದ ಅದರ ಮೇಲೆ ನನಗೆ ಅಷ್ಟು ಹೆಮ್ಮೆ. ಆ ಹೆಮ್ಮೆಯಲ್ಲಿ ಒಂದು ಕುದುರೆ ಮರಿಯ ಕಾಲು ಕೆಡಿಸಿದೆ. ಅದನ್ನೂ ಇಷ್ಟೇ ಸಲೀಸಾಗಿ ಹೇಳಿಕೊಳ್ಳಬೇಕಿತ್ತು. ಬರೆಯಲು ಇಷ್ಟು ವರ್ಷ ಬೇಕಾಯಿತು.

ನಮ್ಮದು ಒಂದೇ ಹೆಣ್ಣು ಕುದುರೆ, ಕೆಂದು ಬಣ್ಣದ್ದು. ನಾನು ಹೈಸ್ಕೂಲಿಗೆ ಹೋಗುವಾಗಲೇ ಅದಕ್ಕೆ ವಯಸ್ಸಾಗಿತ್ತು. ಆಗ ತೊಂಬತ್ತರ ದಶಕದ ನಡುಭಾಗ. ಊರಿಗೆ ಆಟೋಗಳು ಬಂದಿದ್ದವು, ಜಟಕಾ ಸ್ಟ್ಯಾಂಡಿನಲ್ಲಿ ದಿನಕ್ಕೊಂದು ಗಾಡಿ ಕಡಿಮೆಯಾಗುತ್ತಿರುವಂತೆ ಕಾಣುತ್ತಿತ್ತು. ಅಪ್ಪನಿಗೆ ಬೇರೆ ಕೆಲಸ ಕಲಿಯುವ ಮನಸ್ಸಿರಲಿಲ್ಲ. ಎಣ್ಣೆ ಮಿಲ್ಲಿನ ಮುಂದಿನ ಏರಿನಲ್ಲಿ ಕುದುರೆ ನಿಂತು ಉಸಿರೆಳೆದುಕೊಳ್ಳುವಾಗ ಅಪ್ಪ ಕೆಳಗಿಳಿದು, ಅದರ ಪಕ್ಕದಲ್ಲಿ ತಾನೂ ನಡೆಯುತ್ತಿದ್ದ. ಕೂತವರು ಬೈದುಕೊಳ್ಳುತ್ತಿದ್ದರು. ಅಂಥ ಕುದುರೆ, ಇನ್ನು ಗಬ್ಬ ಕಟ್ಟುವುದಿಲ್ಲ ಎಂದು ಎಲ್ಲರೂ ಅಂದುಕೊಂಡಿದ್ದಾಗ, ಒಂದು ಬೆಳಿಗ್ಗೆ ಹಿತ್ತಿಲ ಕೊಟ್ಟಿಗೆಯಲ್ಲಿ ಗಂಡು ಮರಿ ಹಾಕಿತು. ಮರಿಯ ಅಪ್ಪ ಮದುವೆ ಮೆರವಣಿಗೆಗೆ ಹೋಗುವ ಬಳ್ಳಾರಿ ಕಡೆಯ ಎತ್ತರದ ಕುದುರೆ. ಮರಿಯೂ ಹುಟ್ಟಿದ ದಿನವೇ ಬರೀ ಕಾಲೇ ಕಾಲು. ಎದ್ದು ನಿಲ್ಲಲು ನಾಲ್ಕು ಸಲ ಬಿದ್ದಿತು, ಐದನೆಯ ಸಲ ನಿಂತಿತು.

ಅಪ್ಪ ಮುಖಕ್ಕೆ ನೀರು ಹಾಕಿಕೊಳ್ಳದೆ, ವಿಭೂತಿ ಹಚ್ಚಿಕೊಳ್ಳದೆ ಅಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದ.

"ಇದು ಮೂರು ವರ್ಷ ನೆಟ್ಟಗೆ ಬೆಳದ್ರೆ ಸಾಕು ನೋಡು," ಅಂದ ಅವ್ವನಿಗೆ. "ಮುದುಕೀನ ಬಿಚ್ಚಿಬಿಡ್ತೀನಿ. ನಾನು ಸಾಯೋವರ್ಗೂ ಕೈಯಾಗೆ ಲಗಾಮು ಇರ್ತೈತೆ."

"ಯಾವ ಮುದುಕೀನ? ಕುದುರೇನೋ, ನನ್ನೋ?" ಅಂದಳು ಅವ್ವ.

ಆರು ತಿಂಗಳು ಮರಿಗೆ ಏನೂ ತೊಂದರೆ ಇರಲಿಲ್ಲ. ತಾಯಿಯ ಹಾಲು, ಜೊತೆಗೆ ಸಿಕ್ಕಷ್ಟು ಒಣ ಹುಲ್ಲು. ಗಾಡಿ ಹೂಡದ ದಿನ ಅಪ್ಪ ಎರಡನ್ನೂ ಉಳ್ಳಾರ್ತಿ ಕಾವಲಿನ ಹುಲ್ಲುಗಾವಲಿನ ಕಡೆ ಹೊಡೆದುಕೊಂಡು ಹೋಗುತ್ತಿದ್ದ. ಮರಿ ಹುಲ್ಲಿನಲ್ಲಿ ಸುಮ್ಮಸುಮ್ಮನೆ ಓಡಿ ಸುಸ್ತಾಗಿ ಮಲಗುತ್ತಿತ್ತು. ಮನೆಯಲ್ಲಿದ್ದಾಗ ಹಿತ್ತಿಲ ಬಾಗಿಲಿನಿಂದ ತಲೆ ತೂರಿಸಿ ಅವ್ವನ ಸೆರಗು ಜಗ್ಗುವುದು ಅದರ ಕೆಲಸ. ನಾನು ಓದುತ್ತಿದ್ದರೆ ಬಂದು ನೋಟ್‌ಬುಕ್ಕಿನ ಮೂಲೆ ಅಗಿಯುತ್ತಿತ್ತು. ನಾನೇ ಅದಕ್ಕೆ ಹೆಚ್ಚು ಸಲಿಗೆ ಕೊಟ್ಟಿದ್ದು.

ಹಾಲು ಬಿಡಿಸಿದ ಮೇಲೆ ಮರಿ ಇಳಿಯಿತು. ಪಕ್ಕೆಲುಬು ಎಣಿಸುವ ಹಾಗಾಯಿತು. ನಮ್ಮ ಕುದುರೆಗೆ ಲಾಳ ಕಟ್ಟುತ್ತಿದ್ದ ಮುದುಕರೊಬ್ಬರಿದ್ದರು, ನಾನು ಅವರನ್ನು ಚಾಚಾ ಎನ್ನುತ್ತಿದ್ದೆ. ಚಳ್ಳಕೆರೆಯ ಎಲ್ಲ ಜಟಕಾ ಕುದುರೆಗಳ ಗೊರಸೂ ಅವರ ತೊಡೆಯ ಮೇಲೆ ಹಾದುಹೋಗಿದ್ದವು. ಅವರು ಮರಿಯ ಸುತ್ತ ಒಂದು ಸುತ್ತು ಹಾಕಿ, "ಇರ್ಲಿ ಬಿಡು ಭಾಯ್. ಬೆಳೆಯೋ ಕುದುರೆ ಸ್ವಲ್ಪ ಸಣಕಲೇ ಇರ್ಬೇಕು. ಹುಲ್ಲು ಹಾಕು, ಕಾವಲ್‌ನಾಗೆ ಬಿಡು, ಅಷ್ಟೇ," ಅಂದರು. ಅಪ್ಪ ಆಯಿತು ಅಂದ. ಆದರೆ ಅವನ ಕಣ್ಣು ಆ ಪಕ್ಕೆಲುಬಿನ ಮೇಲೇ ಇತ್ತು.

ಅಪ್ಪ ಬಾಲ್ಯದಲ್ಲಿ ಹೊಟ್ಟೆಗಿಲ್ಲದೆ ಬೆಳೆದವನು. ಎಣ್ಣೆ ತೆಗೆದ ಮೇಲೆ ಮಿಲ್ಲಿನಲ್ಲಿ ಉಳಿಯುವ ಶೇಂಗಾ ಹಿಂಡಿಯ ಚೂರುಗಳನ್ನು ಹಮಾಲರು ಹುಡುಗರ ಕಡೆ ಎಸೆಯುತ್ತಿದ್ದರಂತೆ. ಬಿಸಿಬಿಸಿಯಾಗಿರುವಾಗಲೇ ಬೆಲ್ಲದ ಜೊತೆ ಕಡಿದು ತಿಂದದ್ದನ್ನು ಹಬ್ಬದೂಟದ ಹಾಗೆ ವರ್ಣಿಸುತ್ತಿದ್ದ. ನಮ್ಮೂರಿನಲ್ಲಿ ಅಕ್ಕರೆಯ ಲೆಕ್ಕವೇ ಹಿಂಡಿಯದು. ಎಮ್ಮೆ ಕರು ಹಾಕಿದರೆ ಹಿಂಡಿ, ಎತ್ತು ಬಡವಾದರೆ ಹಿಂಡಿ. ಹಿಂಡಿ ಹಾಕದೆ ಸಾಕಿದರೆ ಅದು ಸಾಕಿದಂತೆಯೇ ಅಲ್ಲ. ಕುದುರೆ ಮರಿಗೆ ಹಾಕಬಹುದೋ ಇಲ್ಲವೋ ಎಂಬ ಒಂದು ಅನುಮಾನ ಮಾತ್ರ ಅಪ್ಪನಿಗಿತ್ತು. ಅದನ್ನು ನನ್ನ ಹತ್ತಿರ ಕೇಳಿದ.

ನಾನು ಆಗ ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದೆ. ಆ ವಾರವಷ್ಟೇ ಪ್ರಾಣಿಶಾಸ್ತ್ರದ ತರಗತಿಯಲ್ಲಿ ಮೂಳೆ, ಮಾಂಸಖಂಡ, ಪ್ರೋಟೀನು ಬರೆಸಿದ್ದರು.

"ಬೆಳೆಯೋ ಪ್ರಾಣಿಗೆ ಪ್ರೋಟೀನ್ ಬೇಕಪ್ಪ," ಅಂದೆ, ನೋಟ್‌ಬುಕ್ ಬಿಡಿಸಿ ತೋರಿಸುತ್ತಾ. "ಶೇಂಗಾ ಹಿಂಡಿಯಲ್ಲಿ ಇರೋಷ್ಟು ಬೇರೆ ಯಾವುದ್ರಲ್ಲೂ ಇಲ್ಲ. ಮೂಳೆಗೆ ರಂಜಕ ಬೇಕು, ಅದು ಬೂಸಾದಲ್ಲಿ ಐತೆ. ಎರಡೂ ಹಾಕು."

"ಕುದುರೆಗೂ ಆಗ್ತೈತಾ?"

"ಮೂಳೆ ಅಂದ್ರೆ ಮೂಳೆ. ಕುದುರೇದು ಬೇರೆ, ಮನುಷ್ಯರದು ಬೇರೆ ಇರ್ತೈತಾ?"

ಅಪ್ಪ ಆ ನೋಟ್‌ಬುಕ್ಕಿನ ಪುಟದ ಮೇಲೆ ಕೈಯಾಡಿಸಿದ. ಅಲ್ಲಿ ಇಂಗ್ಲಿಷಿನಲ್ಲಿ ಬರೆದದ್ದು ಏನೂ ಅವನಿಗೆ ತಿಳಿಯುವಂತಿರಲಿಲ್ಲ. ನನಗೆ ತಿಳಿದಿದೆ ಎನ್ನುವುದೇ ಅವನಿಗೆ ಸಾಕಾಗಿತ್ತು.

ಮಾರನೆಯ ದಿನದಿಂದ ಮರಿಯ ಮೇವು ಬದಲಾಯಿತು. ಬೆಳಿಗ್ಗೆ ನೆನೆಸಿದ ಹಿಂಡಿ, ಮಧ್ಯಾಹ್ನ ಬೇಯಿಸಿದ ಹುರುಳಿ, ಸಂಜೆ ಮತ್ತೆ ಹಿಂಡಿ, ಮೇಲೆ ಬೂಸಾ. ಮರಿ ಉಬ್ಬುತ್ತಾ ಬಂತು. ಒಂದು ತಿಂಗಳಿಗೇ ಪಕ್ಕೆ ಮುಚ್ಚಿತು, ಎರಡನೆಯ ತಿಂಗಳಿಗೆ ಮೈ ಎಣ್ಣೆ ಸವರಿದಂತೆ ಹೊಳೆಯತೊಡಗಿತು. ಅಪ್ಪ ಅದನ್ನು ಗಾಡಿಯ ಹಿಂದೆ ಕಟ್ಟಿಕೊಂಡು, ಟಾರು ರಸ್ತೆಯ ಮೇಲೆ ತಾಯಿಯ ಜೊತೆ ಓಡಿಸಿಕೊಂಡು ಸ್ಟ್ಯಾಂಡಿಗೆ ಹೋಗತೊಡಗಿದ. ನಾಲ್ಕು ಜನ ನೋಡಲಿ ಎಂಬ ಆಸೆ, ಇನ್ನೇನು?

"ಏನ್ ಲೇ ಇದು, ಕುದುರೇನೋ ಆನೇನೋ?" ಎಂದು ಸ್ಟ್ಯಾಂಡಿನವರು ಕೇಳಿದರೆ, "ನನ್ ಮಗಳು ಓದಿ ಹೇಳಿದ ಮೇವು," ಎನ್ನುತ್ತಿದ್ದನಂತೆ. ಇದನ್ನು ನಾನು ಬೇರೆಯವರ ಬಾಯಿಂದ ಕೇಳಿ ಕಾಲೇಜಿನಲ್ಲಿ ತಲೆಯೆತ್ತಿಕೊಂಡು ಓಡಾಡಿದೆ.

ಕಾಲನ್ನು ಮೊದಲು ಕಂಡವಳು ಅವ್ವ. ಕೊಟ್ಟಿಗೆ ಗುಡಿಸುತ್ತಾ, "ಇದರ ಕಾಲಿಗೆ ಬಳೆ ತೊಡಿಸ್ದಂಗೆ ಐತಲ್ಲ, ಯಾಕೆ?" ಅಂದಳು. ನೋಡಿದರೆ ಹೌದು. ಮುಂಗಾಲು ಎರಡರಲ್ಲೂ ಗೊರಸಿನ ಮೇಲಿನ ಗೆಣ್ಣು ದಪ್ಪಗಾಗಿ, ಅದರ ಮೇಲೆ ಕಾಲು ಸಣ್ಣಗೆ ಕಾಣುತ್ತಿತ್ತು. ಸ್ವಲ್ಪ ಮೇಲೆ ಮಂಡಿಯೂ ಗುಂಡಗೆ ಊದಿದಂತಿತ್ತು. ಅಪ್ಪ ಅದನ್ನು ನೋಡಿ ಖುಷಿಪಟ್ಟ. "ಎಲುಬು ತುಂಬ್ಕೊಂತೈತೆ," ಅಂದ. ನಾನೂ ಹಾಗೇ ಅಂದುಕೊಂಡೆ. ಪುಸ್ತಕದಲ್ಲಿ ಬರೆದಿದ್ದದ್ದು ಕಣ್ಣ ಮುಂದೆ ನಡೆಯುತ್ತಿದೆ ಎಂದುಕೊಂಡೆ.

ಅದೇ ವಾರ ಚಾಚಾ ತಾಯಿ ಕುದುರೆಯ ಲಾಳ ಬದಲಿಸಲು ಬಂದರು. ಕೆಲಸ ಮುಗಿಸಿ ಏಳುವವರು ಮರಿಯನ್ನು ನೋಡಿ ಅಲ್ಲೇ ಕೂತರು. ಗೆಣ್ಣಿನ ಮೇಲೆ ಅಂಗೈಯಿಟ್ಟು ನೋಡಿದರು.

"ಗರಂ ಐತೆ," ಅಂದರು. "ಏನ್ ತಿನ್ಸ್ತಿದ್ದೀಯ ಇದಕ್ಕೆ?"

ಅಪ್ಪ ಹೇಳಿದ. ಚಾಚಾ ನಿಟ್ಟುಸಿರು ಬಿಟ್ಟರು. "ಮೈ ಜಲ್ದಿ ಬೆಳೀತು ಭಾಯ್, ಕಾಲು ಹಿಂದೆ ಉಳೀತು. ಈ ಕಾಲಿಗೆ ಇಷ್ಟು ಭಾರ ಹೊರೋ ತಾಕತ್ತು ಇನ್ನೂ ಬಂದಿಲ್ಲ. ಹಿಂಡಿ ಬಂದ್ ಮಾಡು. ಟಾರು ರಸ್ತೆ ಮ್ಯಾಲೆ ಓಡಿಸ್ಬ್ಯಾಡ."

ಅಪ್ಪ ನನ್ನ ಕಡೆ ನೋಡಿದ. ನಾನು ಬಾಗಿಲಲ್ಲಿ ನಿಂತಿದ್ದೆ.

"ಮೂಳೆ ಬೆಳೆಯೋಕೆ ಪ್ರೋಟೀನ್ ಬೇಕಲ್ಲ ಚಾಚಾ," ಅಂದೆ.

"ಬೇಕು ಬೇಟಿ. ಹೊತ್ತೂ ಬೇಕು."

ಅಷ್ಟಕ್ಕೆ ಸುಮ್ಮನಿರಬಹುದಿತ್ತು. "ನೀವು ಯಾವ ಕಾಲೇಜಲ್ಲಿ ಓದಿದ್ರಿ ಚಾಚಾ?" ಎಂದು ನಗುತ್ತಾ ಕೇಳಿದೆ. ನಗುತ್ತಾ ಕೇಳಿದ್ದರಿಂದ ಅದು ತಮಾಷೆಯಾಗುತ್ತದೆ ಎಂದುಕೊಂಡಿದ್ದೆ.

ಅವರೂ ನಕ್ಕರು. "ನಂದು ಇದೇ ಕಾಲೇಜು," ಎಂದು ತಾಯಿ ಕುದುರೆಯ ಗೊರಸು ತಟ್ಟಿದರು. "ಒದೆ ತಿಂದು ಪಾಸಾದೋನು." ಆಮೇಲೆ ಸುತ್ತಿಗೆ, ಇಕ್ಕಳ ಚೀಲಕ್ಕೆ ಹಾಕಿಕೊಂಡು ಎದ್ದರು. ಅವ್ವ ಚಹಾ ಇಟ್ಟಿದ್ದಳು, ಕುಡಿಯದೇ ಹೋದರು. ಅಪ್ಪ ಹಿಂಡಿ ನಿಲ್ಲಿಸಲಿಲ್ಲ. ಮುದುಕರ ಮಾತೋ, ಮಗಳ ಮಾತೋ ಎಂದು ಅವನು ಒಂದು ದಿನ ಯೋಚಿಸಿದ್ದನ್ನು ನಾನು ಕಂಡೆ. ಮಗಳ ಮಾತೇ ನಡೆಯಿತು. ಇನ್ನೂ ಒಂದು ತಿಂಗಳು ಹಾಗೇ ನಡೆಯಿತು. ಆ ಒಂದು ತಿಂಗಳೇ ಎಲ್ಲವನ್ನೂ ಕೆಡಿಸಿದ್ದು.

ಮರಿ ಕುಂಟತೊಡಗಿತು. ಮಲಗಿದರೆ ಏಳಲು ಹಿಂಜರಿಯುತ್ತಿತ್ತು. ಎಡ ಮುಂಗಾಲಿನ ಮಂಡಿ ಒಳಕ್ಕೆ ವಾಲಿದಂತೆ ಕಂಡಿತು. ಸ್ಟ್ಯಾಂಡಿನ ಇಬ್ಬರು ಬಂದು, ಕುಡುಗೋಲು ಕಾಯಿಸಿ ಮಂಡಿಯ ಮೇಲೆ ಬರೆ ಎಳೆದರೆ ಊತ ಇಳಿಯುತ್ತದೆ ಅಂದರು. ಅಪ್ಪ ಒಲೆಯಲ್ಲಿ ಕುಡುಗೋಲು ಇಟ್ಟೂ ಇಟ್ಟಿದ್ದ. ಅವ್ವ ಅದನ್ನು ಎತ್ತಿ ಬಾನಿಯ ನೀರಿಗೆ ಎಸೆದಳು.

"ಮೊದ್ಲು ನಿಮ್ಮ ಮಂಡಿಗೆ ಎಳಕೊಳ್ರಿ," ಅಂದಳು ಬಂದವರಿಗೆ. "ಇಳಿದ್ರೆ ಆಮ್ಯಾಲೆ ಇದಕ್ಕೆ ಎಳೆಯಾಣ."

ಊರಿನ ದನದ ಆಸ್ಪತ್ರೆಯವರು, ತಾವು ದನ ಕುರಿ ನೋಡುವವರು, ಕುದುರೆಯನ್ನು ಚೆನ್ನಾಗಿ ಬಲ್ಲ ಡಾಕ್ಟರು ಮೊಳಕಾಲ್ಮೂರಿನಲ್ಲಿದ್ದಾರೆ ಎಂದು ಪ್ರಾಮಾಣಿಕವಾಗಿ ಹೇಳಿದರು. ಶೇಂಗಾ ಇಳಿಸಿ ಅದೇ ದಾರಿಯಲ್ಲಿ ರಾಂಪುರದ ಕಡೆ ಖಾಲಿ ಹೋಗುತ್ತಿದ್ದ ಲಾರಿಯೊಂದರಲ್ಲಿ ಮರಳು ಹಾಸಿ ಮರಿಯನ್ನು ಹತ್ತಿಸಿದೆವು. ದಾರಿಯುದ್ದಕ್ಕೂ ಅಪ್ಪ ಅದರ ಹಿಂದೆ, ನಾನು ಮುಂದೆ, ಕತ್ತು ತಬ್ಬಿಕೊಂಡು ನಿಂತಿದ್ದೆವು. ಲಾರಿ ಕುಲುಕಿದಾಗಲೆಲ್ಲ ಮರಿ ಎಡಗಾಲು ಎತ್ತಿಕೊಳ್ಳುತ್ತಿತ್ತು. ಆಸ್ಪತ್ರೆಯ ಗೇಟಿನಲ್ಲಿ ಮೇಕೆ ಹಿಡಿದು ನಿಂತಿದ್ದ ನೇಕಾರರ ಮನೆಯ ಮುದುಕಿ, "ಅಯ್ಯೋ ಪಾಪಂ, ಇಂಕಾ ಚಿನ್ನದೇ ಕದಾ," ಎಂದು ತೆಲುಗಿನಲ್ಲಿ, ಇನ್ನೂ ಚಿಕ್ಕದಲ್ಲವೇ ಎಂದು ಮರುಗುತ್ತಾ, ತನ್ನ ಸರದಿಯನ್ನು ನಮಗೆ ಬಿಟ್ಟುಕೊಟ್ಟಳು.

ಡಾಕ್ಟರು ನಡುವಯಸ್ಸಿನವರು. ಹಿಂದೆ ಎಲ್ಲೋ ರೇಸು ಕುದುರೆ ಸಾಕುವ ಕಡೆ ಕೆಲಸ ಮಾಡಿದ್ದರಂತೆ. ಮರಿಯನ್ನು ನಡೆಸಿ ನೋಡಿದರು, ಒಂದೊಂದು ಕೀಲನ್ನೂ ಮಡಿಸಿ ಬಿಡಿಸಿ ನೋಡಿದರು. ಆಮೇಲೆ ಅಪ್ಪನಿಗೆ ತಿಳಿಯುವ ಹಾಗೆ ಹೇಳಿದರು:

"ನೋಡಿ, ಎಲುಬು ಉದ್ದ ಬೆಳೆಯೋದು ತುದಿಯಲ್ಲಿ. ಎಳೆ ಕುದುರೇಲಿ ಆ ತುದಿ ಇನ್ನೂ ಮೆತ್ತಗಿರುತ್ತೆ. ನೀವು ಮೈ ಬೆಳೆಸಿಬಿಟ್ರಿ, ಭಾರ ಎಲ್ಲಾ ಆ ಮೆತ್ತಗಿನ ಜಾಗದ ಮೇಲೆ ಬಿತ್ತು. ಬೂಸಾ ಹಾಕಿದ್ರಿ, ಅದ್ರಲ್ಲಿ ರಂಜಕ ಜಾಸ್ತಿ, ಎಲುಬಿಗೆ ಬೇಕಾದ ಸುಣ್ಣದಂಶ ಸಿಗದ ಹಾಗೆ ಆಯ್ತು. ಮೇಲಿಂದ ಟಾರು ರಸ್ತೆ. ಇದನ್ನೆಲ್ಲಾ ಹಾಕೋಕೆ ನಿಮಗೆ ಯಾರು ಹೇಳಿದ್ರು?"

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅಪ್ಪ, "ಯಾರೂ ಇಲ್ಲ ಸಾರ್, ನಾನೇ," ಅಂದ. "ಓದಿದೋನಲ್ಲ ನಾನು. ಆಸೆಗೆ ಹಾಕ್ಬಿಟ್ಟೆ."

ತೆರೆದ ಬಾಯಿಯನ್ನು ನಾನು ಮುಚ್ಚಿಕೊಂಡೆ. ಡಾಕ್ಟರು ಅಪ್ಪನನ್ನು ಬೈದರು. ಅಪ್ಪ ತಲೆ ತಗ್ಗಿಸಿ ಬೈಸಿಕೊಂಡ. ಅಷ್ಟೂ ಹೊತ್ತು ನಾನು ಮರಿಯ ಕಿವಿ ಸವರುತ್ತಾ ನಿಂತಿದ್ದೆ.

ಅವರು ಹೇಳಿದ ಚಿಕಿತ್ಸೆಯಲ್ಲಿ ಔಷಧಿ ಬಹಳ ಇರಲಿಲ್ಲ. ನೋವಿಗೆ ಕೆಲವು ದಿನ ಮಾತ್ರೆ, ದಿನಾ ಒಂದಿಷ್ಟು ಸುಣ್ಣದಂಶದ ಪುಡಿ. ಹಿಂಡಿ, ಹುರುಳಿ, ಬೂಸಾ ಪೂರ್ತಿ ಬಂದ್, ಒಣ ಹುಲ್ಲು ಮಾತ್ರ. ಚಪ್ಪಡಿ ಕಲ್ಲಿನ ಮೇಲೆ ನಿಲ್ಲಿಸಬಾರದು, ಮರಳು ಹಾಸಬೇಕು. ಓಡಿಸಬಾರದು. ಮೂರು ವಾರಕ್ಕೊಮ್ಮೆ ಗೊರಸನ್ನು ಸಮವಾಗಿ ಕೆತ್ತಿಸಬೇಕು, ಒಂದು ಅಂಚು ಎತ್ತರವಾದರೂ ಕೀಲು ಆ ಕಡೆಗೆ ವಾಲುತ್ತದೆ. ಕೊನೆಗೆ, "ಹಸಿವು ಅಂತ ಅದು ಕೂಗುತ್ತೆ. ನೀವು ಕಿವುಡರಾಗಬೇಕು," ಅಂದರು.

ಅಪ್ಪ ಹಳ್ಳದ ಮರಳನ್ನು ಅದೇ ಜಟಕಾದಲ್ಲಿ ಮೂರು ದಿನ ಹೊತ್ತು ತಂದು ಕೊಟ್ಟಿಗೆಗೆ ಮೊಳಕಾಲುದ್ದ ಹಾಸಿದ. ಚಾಚಾ ಮನೆಗೆ ಹೋಗಿ ಕರೆದ. ಅವರು ಬಂದರು. ಹಳೆಯದನ್ನು ಎತ್ತಲಿಲ್ಲ. ಮರಿಯ ಗೊರಸನ್ನು ತೊಡೆಯ ಮೇಲಿಟ್ಟುಕೊಂಡು, ಒಂದು ಚೂರು ಕೆತ್ತುವುದು, ಕೆಳಗಿಟ್ಟು ದೂರ ಹೋಗಿ ನೋಡುವುದು, ಮತ್ತೆ ಒಂದು ಚೂರು ಕೆತ್ತುವುದು, ಹೀಗೆ ಅರ್ಧ ದಿನ ಮಾಡಿದರು. ನಾನು ನೀರು ತಂದು ಕೊಟ್ಟೆ. "ತಪ್ಪಾಯ್ತು ಚಾಚಾ" ಎಂಬ ಎರಡು ಮಾತು ಬಾಯಿಗೆ ಬಂತು, ಅಲ್ಲೇ ಉಳಿಯಿತು. ಆಮೇಲೆ ಮೂರು ವಾರಕ್ಕೊಮ್ಮೆ ಅವರು ತಾವಾಗಿ ಬರುತ್ತಿದ್ದರು.

ಕಿವುಡಾಗುವುದು ಅಪ್ಪನಿಂದ ಆಗಲಿಲ್ಲ. ಮೇವಿನ ಹೊತ್ತಿಗೆ ಮರಿ ಕಂಬಕ್ಕೆ ಕತ್ತು ಉಜ್ಜಿ ಕೆನೆಯುತ್ತಿತ್ತು. ಅಪ್ಪ ತಟ್ಟೆಯ ಮುಂದೆ ಕೂತವನು ತುತ್ತು ಕೈಯಲ್ಲಿ ಹಿಡಿದು ಹಾಗೇ ಇರುತ್ತಿದ್ದ. ಒಂದು ಮಧ್ಯಾಹ್ನ ಅವ್ವ ಅವನನ್ನು ಕೊಟ್ಟಿಗೆಯಲ್ಲಿ ಹಿಡಿದಳು. ಅಂಗಿಯ ಜೇಬಿನಲ್ಲಿ ಹುರುಳಿ.

"ತೆಗೀರಿ ಆಚೆ," ಅಂದಳು.

"ಒಂದು ಹಿಡಿ ಕಣೇ."

"ನಾನು ಬಸುರಿಯಾದಾಗ ಒಂದು ಹಿಡಿ ಹುರುಳಿ ತಂದ್ಕೊಡ್ಲಿಲ್ಲ ಈ ಮನುಷ್ಯ," ಎಂದು ನನ್ನ ಕಡೆ ತಿರುಗಿದಳು. "ಕುದುರೆಗೆ ಕದ್ದು ಕೊಡ್ತಾನೆ ನೋಡು."

ಅಪ್ಪ ನಕ್ಕ. ಆದರೆ ಜೇಬು ಕೊಡವುವಾಗ ಅವನ ಕಣ್ಣಲ್ಲಿ ನೀರಿತ್ತು. ಹಸಿದವರನ್ನು ಕಂಡರೆ ತಡೆಯಲಾಗದ ಮನುಷ್ಯನಿಗೆ, ಹಸಿವಿನಲ್ಲಿಡುವುದೇ ಔಷಧಿ ಎಂದು ಹೇಳಿದ್ದರು. ಆ ಪರಿಸ್ಥಿತಿಗೆ ಅವನನ್ನು ತಂದವಳು ನಾನು. ಅವತ್ತಿನಿಂದ ಹುಲ್ಲು ತೂಗಿ ಹಾಕುವ ಕೆಲಸ ನಾನೇ ವಹಿಸಿಕೊಂಡೆ. ಕೆನೆಯುವ ಮರಿಗೆ ಬೆನ್ನು ಹಾಕಿ ಬರುವುದನ್ನು ಕಲಿತೆ.

ವಾರಕ್ಕೊಮ್ಮೆ ಗೆಣ್ಣು ಮತ್ತು ಮಂಡಿಯ ಸುತ್ತ ದಾರ ಹಿಡಿದು ಅಳತೆ ಬರೆದಿಡುತ್ತಿದ್ದೆ. ಗೆಣ್ಣಿನ ಊತ ನಿಧಾನವಾಗಿ ಇಳಿಯಿತು. ಬಲ ಮಂಡಿಯೂ ಸರಿಹೋಯಿತು. ಎಡ ಮಂಡಿ ಮಾತ್ರ ವಾಲಿದ್ದು ವಾಲಿದಂತೆಯೇ ನಿಂತಿತು. ಮತ್ತೊಮ್ಮೆ ತೋರಿಸಲು ಹೋದಾಗ ಡಾಕ್ಟರು, "ಒಂದು ಕಡೆ ಬೆಳವಣಿಗೆ ಕೆಟ್ಟೋಗಿದೆ. ಒಂದು ತಿಂಗಳು ಮೊದಲು ಬಂದಿದ್ರೆ ಉಳೀತಿತ್ತೇನೋ," ಅಂದರು. ಒಂದು ತಿಂಗಳು ಎಂದಾಗ ಅಪ್ಪ ನನ್ನನ್ನು ನೋಡಲಿಲ್ಲ. ಬೇಕೆಂತಲೇ ನೋಡಲಿಲ್ಲ ಎಂದು ನನಗೆ ಗೊತ್ತಾಯಿತು.

ಮುಂದಿನ ವರ್ಷ ನಾನು ಡಿಗ್ರಿ ಪಾಸಾದೆ. ಅಪ್ಪ ಸ್ಟ್ಯಾಂಡಿಗೆ ಪೇಡ ಹಂಚಲು ಹೋದ, ಜೊತೆಗೆ ನನ್ನನ್ನೂ ಕರೆದುಕೊಂಡ. ಪೇಡ ಬಾಯಿಗೆ ಹಾಕಿಕೊಂಡವನೊಬ್ಬ, "ಮಗಳು ಪಾಸು, ಕುದುರೆ ಫೇಲು, ಹೆಂಗ್ ಲೇ?" ಅಂದ. ಎಲ್ಲರೂ ನಕ್ಕರು.

"ಮಗಳಿಗೆ ನಾನು ಪಾಠ ಹೇಳ್ಲಿಲ್ಲ, ಅದಕ್ಕೆ ಪಾಸು," ಅಂದ ಅಪ್ಪ. "ಕುದುರೆಗೆ ನಾನೇ ಹೇಳಿದ್ದು."

ಮತ್ತೆ ನಕ್ಕರು. ಮೇವು ಓದಿ ಹೇಳಿದವಳು ಮಗಳು ಎಂದು ಹಿಂದೆ ಅವನೇ ಹೇಳಿದ್ದು ಅವರಿಗೆ ಮರೆತಿರಲಾರದು. ಆದರೂ ಯಾರೂ ಎತ್ತಿ ಆಡಲಿಲ್ಲ. ಬಿಸಿಲಲ್ಲಿ ಪೇಡದ ಡಬ್ಬ ಹಿಡಿದು ನಿಂತಿದ್ದ ನನಗೆ, ಈಗಲಾದರೂ ಹೇಳು ಎಂದು ಒಳಗಿನಿಂದ ಏನೋ ನೂಕುತ್ತಿತ್ತು. ಹೇಳಿದರೆ ಪಾಸಾದ ದಿನವೇ ನನ್ನ ಓದು ಸ್ಟ್ಯಾಂಡಿನಲ್ಲಿ ನಗೆಪಾಟಲಾಗುತ್ತಿತ್ತು. ಸುಮ್ಮನಿದ್ದೆ. ಅಪ್ಪನಿಗೂ ಅದೇ ಬೇಕಿತ್ತು ಎಂದು ನನ್ನನ್ನು ನಾನು ಸಮಾಧಾನ ಮಾಡಿಕೊಂಡೆ.

ಮೊಳಕಾಲ್ಮೂರಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ಕೆಲಸ ಸಿಕ್ಕಿತು. ಸೋಮವಾರ ಹೋದರೆ ಶನಿವಾರ ಮಧ್ಯಾಹ್ನದ ಬಸ್ಸಿಗೆ ಬರುತ್ತಿದ್ದೆ. ಮರಿಯನ್ನು ಈಗ ಮರಿ ಎನ್ನುವಂತಿರಲಿಲ್ಲ, ಎರಡು ವರ್ಷ ದಾಟಿತ್ತು, ನನ್ನ ತಲೆಗಿಂತ ಎತ್ತರ. ಆದರೂ ಮನೆಯಲ್ಲಿ ಎಲ್ಲರೂ ಮರಿ ಎಂದೇ ಕರೆಯುತ್ತಿದ್ದೆವು. ಅದಕ್ಕೆ ಗಾಡಿ ಹೂಡುವ ಮಾತನ್ನು ಅಪ್ಪ ಯಾವತ್ತೋ ಬಿಟ್ಟಿದ್ದ. ವಾಲಿದ ಕಾಲಿನ ಮೇಲೆ ಭಾರ ಬಿಡದೆ ಬಲಗಾಲಿನ ಮೇಲೆ ನಿಂತು, ಹಿತ್ತಿಲಲ್ಲಿ ಬಿಸಿಲು ಕಾಯಿಸುತ್ತಿತ್ತು. "ಇರ್ಲಿ, ದುಡಿಯದೇ ಹೋದ್ರೆ ಏನಾಯ್ತು," ಎನ್ನುತ್ತಿದ್ದ ಅಪ್ಪ. ಮುದುಕಿ ಕುದುರೆ ಇನ್ನೂ ಗಾಡಿ ಎಳೆಯುತ್ತಲೇ ಇತ್ತು.

ಒಂದು ಶನಿವಾರ ಬಂದಾಗ ಮರಿ ಮಲಗಿತ್ತು. ಮೂರು ದಿನದಿಂದ ಎದ್ದಿಲ್ಲ ಅಂದಳು ಅವ್ವ. ಚಾಚಾ ಬಂದು ಅದರ ಬಲ ಮುಂಗಾಲಿನ ಗೊರಸನ್ನು ಸುತ್ತಿಗೆಯ ಹಿಡಿಯಿಂದ ಮೆಲ್ಲಗೆ ತಟ್ಟಿ ನೋಡಿದ್ದರಂತೆ, ಮೈಯೆಲ್ಲ ನಡುಗಿತಂತೆ. ಕೆಟ್ಟ ಕಾಲಿನ ಭಾರವನ್ನೂ ಒಳ್ಳೆಯ ಕಾಲೇ ಹೊತ್ತು ಹೊತ್ತು, ಅದರ ಗೊರಸಿನ ಒಳಗಿನ ಹಿಡಿತವೇ ಕಳಚಿತ್ತು. ಭಾನುವಾರ ಬೆಳಿಗ್ಗೆಯೇ ಮೊಳಕಾಲ್ಮೂರಿಗೆ ಹೋಗಿ ಡಾಕ್ಟರನ್ನು ಕರೆತಂದೆ. ಅವರು ನೋಡಿ ಅಪ್ಪನನ್ನು ಪಕ್ಕಕ್ಕೆ ಕರೆಯಲಿಲ್ಲ, ಎಲ್ಲರ ಮುಂದೆಯೇ ಹೇಳಿದರು:

"ಇನ್ನು ನಿಲ್ಲೋಕೆ ಕಾಲಿಲ್ಲ ಇದಕ್ಕೆ. ಮಲಗಿ ಮಲಗಿ ಮೈ ಹುಣ್ಣಾಗುತ್ತೆ. ನೋವಿಲ್ಲದೆ ಕಳಿಸೋ ಇಂಜೆಕ್ಷನ್ ತಂದಿದ್ದೀನಿ. ಬೇಕು, ಬೇಡ, ನೀವು ಹೇಳಿ."

ಅಪ್ಪ ಮರಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ನನ್ನ ಕಡೆ ನೋಡಿದ.

"ನೀನೇ ಹೇಳವ್ವ," ಅಂದ. "ಓದಿದೋಳು ನೀನು."

ಅವನು ಕುಟುಕಿ ಹೇಳಿದ್ದಲ್ಲ. ನಿಜವಾಗಿಯೂ ಕೇಳಿದ್ದ. ಇಷ್ಟೆಲ್ಲ ಆದ ಮೇಲೂ ನನ್ನನ್ನೇ ಕೇಳಿದ್ದ. ನಾನು ಮರಳಿನ ಮೇಲೆ ಕೂತೆ.

"ಡಾಕ್ಟ್ರೇ," ಅಂದೆ, "ಹಿಂಡಿ, ಬೂಸಾ ಹಾಕು ಅಂತ ಹೇಳಿದೋಳು ನಾನು. ಅಪ್ಪ ಅಲ್ಲ. ಚಾಚಾ ಬ್ಯಾಡ ಅಂದಿದ್ರು, ನಾನೇ ಕೇಳ್ಲಿಲ್ಲ."

ಅಪ್ಪನಿಗೆ ಕೋಪ ಬಂತು. "ಅದನ್ನ ಯಾರು ಕೇಳಿದ್ರು ಈಗ? ಕೇಳಿದ್ದಕ್ಕೆ ಹೇಳು."

ನಾನು ಚಾಚಾ ಕಡೆ ತಿರುಗಿದೆ. ಅವರು ಗೋಡೆಗೆ ಒರಗಿ ನಿಂತಿದ್ದರು. "ನೀವೇನಂತೀರಿ ಚಾಚಾ?"

ಅವರು ಹತ್ತಿರ ಬಂದು ಮರಿಯ ಕುತ್ತಿಗೆಯ ಮೇಲೆ ಕೈಯಿಟ್ಟರು. "ಕಳಿಸ್ಬಿಡು ಬೇಟಿ," ಅಂದರು. "ಸಾಕು ಇದಕ್ಕೆ."

"ಕಳಿಸೋಣಪ್ಪ," ಅಂದೆ.

ಡಾಕ್ಟರು, ಸಾಕಿದವರ ಒಪ್ಪಿಗೆ ಬರಹದಲ್ಲಿ ಬೇಕು ಅಂದರು. ಸ್ಕೂಲಿನ ಚೀಲದಿಂದ ಹಾಳೆ ತೆಗೆದು ನಾಲ್ಕು ಸಾಲು ಬರೆದು, ಓದಿ ಹೇಳಿದೆ. ಅಪ್ಪ ಮರಿಯ ತಲೆ ತೊಡೆಯಿಂದ ಇಳಿಸದೆ, ಹಾಳೆಯನ್ನು ಮಂಡಿಯ ಮೇಲಿಟ್ಟುಕೊಂಡು, ತನಗೆ ಗೊತ್ತಿದ್ದಷ್ಟು ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಹೆಸರು ಬರೆದ. ಸಾಕ್ಷಿ ಎಂದು ಕೆಳಗೆ ನಾನು ನನ್ನ ಹೆಸರು ಬರೆದೆ. ಕೊಡಲು ಹೋದಾಗ ಅಪ್ಪ ಕೈ ಹಿಡಿದು ಹಾಳೆಯನ್ನು ಹತ್ತಿರ ಎಳೆದುಕೊಂಡ.

"ಇಷ್ಟೇನಾ? ನಿನ್ನ ಹೆಸರಿನ ಮುಂದೆ ಬಿ.ಎಸ್ಸಿ. ಅಂತ ಹಾಕು."

"ಇದಕ್ಕೆ ಬ್ಯಾಡಪ್ಪ."

"ಹಾಕವ್ವ," ಅಂದ. "ಕಷ್ಟಪಟ್ಟು ಓದಿದ್ದೀಯ."

ಹಾಕಿದೆ. ಡಾಕ್ಟರು ಹಾಳೆ ಮಡಿಸಿ ಜೇಬಿನಲ್ಲಿಟ್ಟುಕೊಂಡು ಸಿರಿಂಜು ತೆಗೆದರು. ಅಪ್ಪ ಮರಿಯ ಕಣ್ಣಿನ ಮೇಲೆ ತನ್ನ ಟವೆಲ್ಲು ಮುಚ್ಚಿದ. ಚಾಚಾ ಹೇಳಿದಂತೆ, ಅದು ಒದ್ದಾಡಿ ನೋಯಿಸಿಕೊಳ್ಳದಿರಲಿ ಎಂದು, ನಾನು ವಾಲಿದ ಆ ಎಡ ಮುಂಗಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.